ಕತ್ತರಿಸಿಟ್ಟ ವೈರು

ಆ ಗಿಟಾರಿನ ಹೊಟ್ಟೆಯೊಳಗೆ ಯಾರೋ ಒಂದು ವೈರನ್ನು ಕತ್ತರಿಸಿ, ಎರಡೂ ತುದಿಗಳಿಗೆ ಕಪ್ಪು ಟೇಪು ಸುತ್ತಿ, ಒಪ್ಪವಾಗಿ ಮಡಚಿಟ್ಟಿದ್ದರು. ತಾನಾಗಿ ಕಿತ್ತುಹೋದ ವೈರಲ್ಲ, ತುಕ್ಕು ತಿಂದು ತುಂಡಾದದ್ದೂ ಅಲ್ಲ. ಬೇಕೆಂದೇ ಕತ್ತರಿಸಿದ್ದು. ಯೋಗೀಶ ಅದನ್ನು ಕಂಡು ಮೂಗು ಮುರಿದ. ಯಾವನೋ ತಲೆಕೆಟ್ಟವನ ಕೆಲಸ ಎಂದುಕೊಂಡ. ಬುದ್ಧಿವಂತರ ತೊಂದರೆಯೇ ಇದು. ಇನ್ನೊಬ್ಬರು ಬೇಕೆಂದು ಮಾಡಿದ್ದನ್ನು ಕಂಡರೆ ಯಾಕೆ ಮಾಡಿದರು ಎಂದು ಕೇಳುವುದಿಲ್ಲ, ಸರಿಪಡಿಸಲು ಕೂತುಬಿಡುತ್ತಾರೆ.

ಗಿಟಾರು ಹೊರಗಿನದೇನಲ್ಲ, ಅವನದೇ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ಕೊಂಡ ಕೆಂಪು ಎಲೆಕ್ಟ್ರಿಕ್ ಗಿಟಾರು. ಹಾಸ್ಟೆಲಿನಲ್ಲಿ ಅದನ್ನು ಅವನಿಗಿಂತ ಹೆಚ್ಚಾಗಿ ನುಡಿಸಿದವನು ರೂಮ್‌ಮೇಟ್ ರಾಘವ. ಕಾಲೇಜಿನ ಬ್ಯಾಂಡಿನಲ್ಲಿ ಹಾಡುತ್ತ ನುಡಿಸುತ್ತಿದ್ದವನೂ ಅವನೇ. ಯೋಗೀಶನಿಗೆ ಯಾವುದನ್ನೂ ನುಡಿಸುವುದಕ್ಕಿಂತ ಬಿಚ್ಚುವುದರಲ್ಲೇ ಖುಷಿ. ಆಮೇಲೆ ನೌಕರಿ ಬಂತು, ಮದುವೆಯಾಯಿತು, ಸ್ವೀಡನ್ನಿನ ವರ್ಕ್ ಪರ್ಮಿಟ್ ಸಿಕ್ಕಿತು. ಮನೆ ಸಾಮಾನಿನ ಜತೆ ಹಡಗು ಹತ್ತಿ ಬಂದ ಗಿಟಾರೂ ಅದರ ಜೋಡಿ ಆಂಪ್ಲಿಫೈಯರ್ ಪೆಟ್ಟಿಗೆಯೂ ಮಾಲ್ಮೋದ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಸ್ಟೋರಿನಲ್ಲಿ, ಮಗಳು ಇಳಾಳ ಹಳೆಯ ತಳ್ಳುಗಾಡಿಯ ಹಿಂದೆ, ವರ್ಷಗಟ್ಟಲೆ ಧೂಳು ತಿನ್ನುತ್ತ ಬಿದ್ದಿದ್ದವು.

ಅವನ್ನು ಮೇಲಕ್ಕೆ ತಂದದ್ದೂ ಇಳಾಳಿಗಾಗಿಯೇ. ದಾಗಿಸ್ ಎಂಬ ಶಿಶುವಿಹಾರಕ್ಕೆ ಬಿಟ್ಟ ಮೊದಲ ದಿನ ಕನ್ನಡದಲ್ಲಿ ಅತ್ತ ಮಗು, ಹೈಸ್ಕೂಲು ದಾಟುವ ಹೊತ್ತಿಗೆ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಸ್ವೀಡಿಷಿನಲ್ಲಿ ಒಂದೇ ಶಬ್ದದ ಉತ್ತರ ಕೊಡುವ ಹುಡುಗಿಯಾಗಿದ್ದಳು. ಊಟ ಆಯಿತಾ ಎಂದರೆ ‘ಯಾ’. ಸ್ಕೂಲು ಹೇಗಿತ್ತು ಎಂದರೆ ‘ಬ್ರಾ’, ಚೆನ್ನಾಗಿತ್ತು ಎಂದು. ಒಂದೊಂದು ದಿನ ಅದೂ ಇಲ್ಲ. ಸ್ವೀಡನ್ನಿನವರು ಹೌದೆನ್ನಲು ಒಳಕ್ಕೆಳೆಯುವ ಆ ಸಣ್ಣ ಉಸಿರು, ಅಷ್ಟೇ. ಲುಂಡ್‌ನ ಆಫೀಸಿನಿಂದ ಸಂಜೆ ರೈಲು ಹಿಡಿದು ಬರುವಾಗ ಯೋಗೀಶ ಮಗಳ ಹತ್ತಿರ ಏನು ಮಾತಾಡುವುದೆಂದು ಯೋಚಿಸಿಕೊಂಡು ಬರುತ್ತಿದ್ದ. ಹೆತ್ತ ಮಗಳ ಹತ್ತಿರ ಮಾತಿಗೆ ತಯಾರಿ ಮಾಡಿಕೊಳ್ಳುವ ಅಪ್ಪನ ಸಂಕಟ ಅನುಭವಿಸಿದವರಿಗೇ ಗೊತ್ತು.

ಹೀಗಿರುವಾಗ ಒಂದು ದಿನ ಅವಳೇ ಬಾಯಿಬಿಟ್ಟಳು. ಕ್ಲಾಸಿನ ಗೆಳತಿ ಎಲ್ಸಾ ಡ್ರಮ್ಸ್ ಬಾರಿಸುತ್ತಾಳಂತೆ, ಒಂದು ಬ್ಯಾಂಡ್ ಮಾಡುತ್ತಿದ್ದಾರಂತೆ, ಇಳಾ ಬೇಸ್ ಗಿಟಾರ್ ನುಡಿಸಬೇಕಂತೆ. ಬೇಸ್ ಎಂದರೆ ದಪ್ಪ ತಂತಿಗಳದ್ದು, ನಾಲ್ಕೇ ತಂತಿ, ಎದೆಯೊಳಗೆ ಗುಡುಗುವ ದನಿ.

“ಮುನಿಸಿಪಾಲಿಟಿ ಮ್ಯೂಸಿಕ್ ಸ್ಕೂಲಲ್ಲಿ ಬಾಡಿಗೆಗೆ ಕೊಡ್ತಾರಲ್ಲ, ಒಂದು ತಂದ್ಬಿಡಿ, ಮುಗೀತು,” ಎಂದಳು ಅವನ ಹೆಂಡತಿ ನಿವೇದಿತಾ. ಅವಳು ದಿನಾ ಸೇತುವೆ ದಾಟಿ ಕೋಪನ್‌ಹೇಗನ್ನಿಗೆ ಕೆಲಸಕ್ಕೆ ಹೋಗುವವಳು. ಒಂದನ್ನು ಮುಗಿಸಿ ಮುಂದಿನದಕ್ಕೆ ಹೋಗುವ ಸ್ವಭಾವ.

“ಬಾಡಿಗೆದು ಯಾಕೆ? ಕೆಳಗೆ ನನ್ ಗಿಟಾರ್ ಇದೆಯಲ್ಲ, ಅದನ್ನೇ ಬೇಸ್ ಮಾಡ್ಕೊಡ್ತೀನಿ,” ಎಂದ ಯೋಗೀಶ.

ಇಳಾ ಫೋನಿನಿಂದ ಮುಖ ಎತ್ತಿದಳು. “ಕ್ಯಾನ್ ಯೂ ಡೂ ದಟ್?”

ಆ ಮುಖ ಎತ್ತಿದ್ದಿದೆಯಲ್ಲ, ಅದಕ್ಕಾಗಿ ಅವನು ಗಿಟಾರಿನಿಂದ ಹಡಗು ಮಾಡಿಕೊಡೆಂದರೂ ಮಾಡಲು ತಯಾರಿದ್ದ.

ಅಡುಗೆಮನೆಯ ಮೇಜೇ ಕಾರ್ಖಾನೆಯಾಯಿತು. ಹಳೆಯ ತಂತಿಗಳನ್ನೆಲ್ಲ ಬಿಚ್ಚಿ ಬಿಸಾಡಿದರು. ಆರು ಬಿರಡೆಗಳಲ್ಲಿ ನಾಲ್ಕನ್ನು ಉಳಿಸಿಕೊಂಡು ಅವುಗಳ ತೂತನ್ನು ಡ್ರಿಲ್ಲಿನಿಂದ ಅಗಲ ಮಾಡಿದರು. ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಗೀರುಗಳನ್ನು ಅರದಿಂದ ಉಜ್ಜಿ ಉಜ್ಜಿ ದೊಡ್ಡದು ಮಾಡುವ ಕೆಲಸವನ್ನು ಇಳಾ ವಹಿಸಿಕೊಂಡಳು. ಬೇಸಿನ ತಂತಿ ಎಷ್ಟೇ ಮಾಡಿದರೂ ಬಿರಡೆಯ ತೂತಿನೊಳಗೆ ಹೋಗಲಿಲ್ಲ. ಆಗ ಯೋಗೀಶ ತಂತಿಯ ತುದಿಯ ಹೊರಸುತ್ತನ್ನು ಇಕ್ಕಳದಿಂದ ಬಿಚ್ಚಿ, ಒಳಗಿನ ಸಣ್ಣ ಎಳೆಯನ್ನು ಮಾತ್ರ ತೂರಿಸಿ ತೋರಿಸಿದ. “ವಾವ್ ಅಪ್ಪಾ!” ಎಂದಳು ಮಗಳು. ಅವನಿಗೆ ಆ ಶನಿವಾರವಿಡೀ ಮಧ್ಯಾಹ್ನದ ಊಟದ ನೆನಪಾಗಲಿಲ್ಲ.

“ಇದಕ್ಕೆ ಏನ್ ಹೇಳ್ತಾರೆ, ಕನ್ನಡದಲ್ಲಿ?” ತಂತಿಗಳನ್ನು ಹೊರುವ ಕಬ್ಬಿಣದ ಪಟ್ಟಿಯನ್ನು ಮುಟ್ಟಿ ಒಮ್ಮೆ ಕೇಳಿದಳು.

“ವೀಣೆ, ತಂಬೂರಿಗಾದ್ರೆ ಕುದುರೆ ಅಂತಾರೆ.”

“ಕುದುರೆ? ಕುದುರೆ ಅಂದ್ರೆ ಹಾರ್ಸ್ ಅಲ್ವಾ?” ಇಳಾ ನಕ್ಕಳು. “ಸ್ವೀಡಿಷ್‌ನಲ್ಲಿ ಇದಕ್ಕೆ ‘ಸ್ಟಾಲ್’ ಅಂತಾರೆ. ಸ್ಟಾಲ್ ಅಂದ್ರೆ ಕುದುರೆದು ಮನೆ!”

ಅಪ್ಪ ಮಗಳು ಇಬ್ಬರೂ ನಕ್ಕರು. ಒಳಗಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದ ನಿವೇದಿತಾ ಕಿವಿಗೊಟ್ಟು ಕೇಳಿದಳು. ಮನೆಯಲ್ಲಿ ಅಷ್ಟು ಕನ್ನಡ ಕೇಳಿ ಬಹಳ ಕಾಲವಾಗಿತ್ತು.

ತಂತಿಗಳನ್ನು ಬಿಗಿದಾಗ ಗಿಟಾರಿನ ಕುತ್ತಿಗೆ ಕರಕರ ಎಂದಿತು. ಹೊತ್ತುಕೊಳ್ಳಬೇಕಾದ ಭಾರ ತನ್ನದಲ್ಲ ಎಂದು ಅದಕ್ಕೂ ಗೊತ್ತಿದ್ದಂತಿತ್ತು. ಆಮೇಲೆ ಸುಮ್ಮನಾಯಿತು.

ಇನ್ನು ಆಂಪ್ಲಿಫೈಯರ್. ಅದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಯಾರೋ ಜೋಡಿಸಿಕೊಟ್ಟ ತಗಡಿನ ಪೆಟ್ಟಿಗೆ, ಮೂರು ದಪ್ಪ ಕಾಲಿನ ನಮ್ಮೂರ ಪ್ಲಗ್ಗು. ಯೋಗೀಶ ಒಳ್ಳೆಯದೊಂದು ಅಡಾಪ್ಟರ್ ತಂದು, ಅರ್ಥಿಂಗ್ ಸರಿಯಾಗಿ ಕೂರುವಂತೆ ಸಿಕ್ಕಿಸಿ, ಸ್ವಿಚ್ ಹಾಕಿದ. ಟಪ್ ಎಂದು ಇಡೀ ಮನೆ ಕತ್ತಲಾಯಿತು. ಸ್ವೀಡನ್ನಿನ ಮನೆಗಳಲ್ಲಿ ಬಾಗಿಲ ಬಳಿ ಒಂದು ಸ್ವಿಚ್ಚಿರುತ್ತದೆ. ಕರೆಂಟು ಎಲ್ಲಿಗಾದರೂ ಚೂರು ಸೋರಿದರೂ ಅದು ತಾನಾಗಿ ಬಿದ್ದು ಮನೆಯ ಕರೆಂಟನ್ನೆಲ್ಲ ಕಡಿದುಹಾಕುತ್ತದೆ. ಯೋಗೀಶ ಅದನ್ನು ಎತ್ತಿ ಬಂದು ಮತ್ತೆ ಹಾಕಿದ. ಮತ್ತೆ ಕತ್ತಲು.

“ಈ ದೇಶದ್ದು ಎಲ್ಲಾ ನಾಜೂಕು. ಒಂದು ಸೀನಿದ್ರೂ ಟ್ರಿಪ್ ಆಗತ್ತೆ,” ಎಂದು ಗೊಣಗಿದ. ಅವನು ಎಲೆಕ್ಟ್ರಾನಿಕ್ಸ್ ಓದಿದವನು. ಪೆಟ್ಟಿಗೆಯೊಳಗಿನ ಹಳೆಯ ಟ್ರಾನ್ಸ್‌ಫಾರ್ಮರು ತಗಡಿಗೆ ಕರೆಂಟು ಬಿಡುತ್ತಿದೆ, ಅದಕ್ಕೇ ಹೀಗಾಗುತ್ತಿದೆ ಎಂಬುದು ಅವನಿಗೆ ಅರ್ಥವಾಗದ್ದೇನಲ್ಲ. ಅರ್ಥವಾಯಿತು, ಆದರೆ ಅದೇ ಹೊತ್ತಿಗೆ ಇಳಾ ಬೇಸನ್ನು ತೊಡೆಯ ಮೇಲಿಟ್ಟುಕೊಂಡು “ಅಪ್ಪಾ, ಬೇಗ!” ಎಂದಳು. ಅವನು ಮಿಕ್ಸಿಯ ಹಿಂದಿದ್ದ ಬಿಳಿಯ ಪುಟ್ಟ ಅಡಾಪ್ಟರನ್ನು ಕಿತ್ತುಕೊಂಡು ಬಂದ. ಬೆಂಗಳೂರಿಂದ ಮಿಕ್ಸಿ ಹೊತ್ತು ತಂದ ಮನೆಗಳಲ್ಲೆಲ್ಲ ಇರುವ ಎರಡು ಕಾಲಿನ ಅಡಾಪ್ಟರು. ನಮ್ಮ ಪ್ಲಗ್ಗಿನ ಮೂರನೆಯ ದಪ್ಪ ಕಾಲು ಅದರೊಳಗೆ ಹೋಗುತ್ತದೆ, ಅಲ್ಲಿಂದ ಮುಂದೆ ಎಲ್ಲಿಗೂ ಹೋಗುವುದಿಲ್ಲ. ಅರ್ಥಿಂಗ್ ಎಂಬುದು ಅಲ್ಲಿಗೇ ಸತ್ತುಹೋಗುತ್ತದೆ.

ಸ್ವಿಚ್ ಹಾಕಿದ. ದೀಪಗಳು ಉರಿಯುತ್ತಲೇ ಇದ್ದವು. ಆಂಪ್ಲಿಫೈಯರಿನ ಕೆಂಪು ಕಣ್ಣು ತೆರೆಯಿತು.

“ಫಿಕ್ಸ್ ಆಯ್ತು!” ಎಂದ.

ಆದರೆ ಗುಂಯ್ ಎಂಬ ಸದ್ದು. ಮುಚ್ಚಿದ ಕೋಣೆಯಲ್ಲಿ ಜೀರುಂಡೆ ಸಿಕ್ಕಿಕೊಂಡಂತೆ ಒಂದೇ ಸಮನೆ ಗುಂಯ್. ಆಗ ಅವನಿಗೆ ಆ ಕತ್ತರಿಸಿಟ್ಟ ವೈರು ನೆನಪಾಯಿತು. ತಂತಿಗಳನ್ನು ಆಂಪ್ಲಿಫೈಯರಿನ ತಗಡಿಗೆ ಕೂಡಿಸುವ ವೈರು ಅದು. ಅದಿದ್ದರೆ, ನುಡಿಸುವವರು ತಂತಿಯ ಮೇಲೆ ಬೆರಳಿಟ್ಟ ಕೂಡಲೇ ಗುಂಯ್ ನಿಲ್ಲುತ್ತದೆ. ಯೋಗೀಶ ಕಪ್ಪು ಟೇಪು ಸುಲಿದ. ಹಳೆಯ ಅಂಟು ಬೆರಳಿಗೆ ಮೆತ್ತಿಕೊಂಡು ಸೋಪು ಹಾಕಿದರೂ ಬಿಡಲಿಲ್ಲ. ಎರಡು ತುದಿಗಳನ್ನೂ ಕೂಡಿಸಿ, ಮುತ್ತಿನಂಥ ಬೆಸುಗೆ ಹಾಕಿದ. ಜೀವಮಾನದಲ್ಲಿ ಅಷ್ಟು ಅಂದವಾದ ಬೆಸುಗೆ ಅವನ ಕೈಯಿಂದ ಬಂದಿರಲಿಲ್ಲ.

ಇಳಾ ತಂತಿಯ ಮೇಲೆ ಕೈಯಿಟ್ಟಳು. ಗುಂಯ್ ನಿಂತಿತು. ಮೊದಲ ಸ್ವರ ಮೇಜಿನ ಮೇಲಿನ ಲೋಟಗಳನ್ನು ನಡುಗಿಸಿತು. ಅವಳ ಮುಖ ಅರಳಿತು, ಮರುಗಳಿಗೆ ಹುಬ್ಬು ಗಂಟಾಯಿತು.

“ಅಪ್ಪಾ, ಚುಚ್ಚತ್ತೆ.”

“ಎಲ್ಲಿ?”

“ಫಿಂಗರ್ಸ್‌ನಲ್ಲಿ. ಇರುವೆ ತರ.”

ಯೋಗೀಶ ಬೆರಳ ಹಿಂಬದಿಯಿಂದ ತಂತಿಯನ್ನು ಸವರಿ ನೋಡಿದ. ಜುಮ್ಮೆಂದಿತು. ಅದು ಅವನಿಗೆ ಹೊಸದಲ್ಲ. ಹುಟ್ಟಿದ ಮನೆಯ ಫ್ರಿಜ್ಜೂ ಹಾಗೇ ಜುಮ್ಮೆನ್ನುತ್ತಿತ್ತು, ಗ್ರೈಂಡರೂ ಜುಮ್ಮೆನ್ನುತ್ತಿತ್ತು. ಅವನಮ್ಮ ಲೀಲಾವತಿ ಅದಕ್ಕೆ ಎಲೆಕ್ಟ್ರಿಷಿಯನ್ನನ್ನು ಕರೆದವಳಲ್ಲ. ಗ್ರೈಂಡರಿನ ಪಕ್ಕ ಒಂದು ಜೊತೆ ಹವಾಯಿ ಚಪ್ಪಲಿ ಬಿಟ್ಟಿರುತ್ತಿದ್ದಳು, ಅಷ್ಟೇ. ‘ಚಪ್ಪಲಿ ಮೆಟ್ಕೊಂಡು ಮುಟ್ಟೋ’ ಎನ್ನುವುದು ಆ ಮನೆಯ ವೇದವಾಕ್ಯ. ಅದನ್ನೇ ನಿವೇದಿತಾಳೂ ಮಾಲ್ಮೋದಲ್ಲಿ ಪಾಲಿಸುತ್ತಿದ್ದಳು. ಮನೆಯೊಳಗೆ ಯಾರೂ ಪಾದರಕ್ಷೆ ಹಾಕದ ಆ ದೇಶದಲ್ಲಿ, ಅವರ ಅಡುಗೆಮನೆಯ ಮೂಲೆಯಲ್ಲಿ ಮಾತ್ರ ನೀಲಿ ಪಟ್ಟಿಯ ಹವಾಯಿ ಚಪ್ಪಲಿ ಇತ್ತು, ಚಟ್ನಿ ರುಬ್ಬುವಾಗ ಮೆಟ್ಟಿಕೊಳ್ಳಲು.

“ಏನಾಗಲ್ಲ ಪುಟ್ಟಿ. ಅಮ್ಮನ ಚಪ್ಪಲಿ ಹಾಕ್ಕೊಂಡು ನುಡಿಸು, ಚುಚ್ಚಲ್ಲ.”

ಇಳಾ ಚಪ್ಪಲಿ ಮೆಟ್ಟಿಕೊಂಡಳು. ಚುಚ್ಚಲಿಲ್ಲ. ಅಪ್ಪ ಹೇಳಿದ್ದು ನಿಜವಾಯಿತು. ಅಪ್ಪ ಹೇಳಿದ್ದು ನಿಜವಾಗುತ್ತದೆ ಎಂಬುದು ಅವಳ ತಲೆಯಲ್ಲಿ ಅಂದು ಕೂತುಕೊಂಡಿತು.

ಮರುವಾರ ಬೆಳಿಗ್ಗೆ ಮನೆಯಲ್ಲಿ ಯೋಗೀಶ ಒಬ್ಬನೇ ಇದ್ದ. ಶ್ರುತಿ ನೋಡೋಣವೆಂದು ಆಂಪ್ಲಿಫೈಯರಿನ ಸ್ವಿಚ್ ಹಾಕಿ, ಬೇಸ್ ಎತ್ತಿಕೊಂಡು ಕಿಟಕಿಯ ಬಳಿ ಕುಳಿತ. ಎಡಗೈ ತಂತಿಗಳ ಮೇಲಿತ್ತು. ಬೆಳಕಿಗಾಗಿ ವಾಲಿದಾಗ ಬಲ ಮೊಣಕೈ ಕಿಟಕಿಯ ಕೆಳಗಿನ ಬಿಸಿನೀರಿನ ರೇಡಿಯೇಟರಿಗೆ ತಗುಲಿತು. ಯಾರೋ ಎದೆಗೆ ಒದ್ದಂತಾಯಿತು. ಕಣ್ಣು ಬಿಟ್ಟಾಗ ಅವನು ಕುರ್ಚಿಯ ಪಕ್ಕ ನೆಲದ ಮೇಲಿದ್ದ, ಬೇಸ್ ಮಂಡಿಯ ಮೇಲೆ ಬಿದ್ದಿತ್ತು, ಫ್ರಿಜ್ಜಿನ ಸದ್ದು ನಿಂತಿತ್ತು. ಬಾಗಿಲ ಬಳಿಯ ಸ್ವಿಚ್ಚು ಬಿದ್ದಿತ್ತು. ಅದು ಬೀಳದೆ ಇದ್ದಿದ್ದರೆ?

ಬಿಚ್ಚಿಹಾಕಬೇಕು ಎಂದುಕೊಂಡ. ಆ ತಗಡಿನ ಪೆಟ್ಟಿಗೆಯನ್ನು ಇವತ್ತೇ ಗುಜರಿಗೆ ಹಾಕಬೇಕು. ಆಮೇಲೆ ಇಳಾಳ ಮುಖ ನೆನಪಾಯಿತು. ಪೆಟ್ಟಿಗೆ ಕೆಟ್ಟಿದೆಯೆಂದರೆ ‘ಓಕೇ’ ಎನ್ನುತ್ತಾಳೆ. ಬಾಡಿಗೆಗೆ ತರುತ್ತಾಳೆ. ಮತ್ತೆ ಫೋನಿಗೆ ಮುಖ ತಗ್ಗಿಸುತ್ತಾಳೆ. ಆ ಮೇಜು ಮತ್ತೆ ಬರೀ ಊಟದ ಮೇಜಾಗುತ್ತದೆ. ಹೊಸ ಟ್ರಾನ್ಸ್‌ಫಾರ್ಮರ್ ತರಿಸಿ ಹಾಕಿದರಾಯಿತು, ಅಲ್ಲಿಯವರೆಗೆ ಚಪ್ಪಲಿ ಇದೆಯಲ್ಲ ಎಂದುಕೊಂಡ. ಮನುಷ್ಯ ತನಗೆ ತಾನೇ ಹೇಳಿಕೊಳ್ಳುವ ಸುಳ್ಳಿನಷ್ಟು ಸಲೀಸಾಗಿ ಗಂಟಲಲ್ಲಿಳಿಯುವ ವಸ್ತು ಇನ್ನೊಂದಿಲ್ಲ.

ಸಂಜೆ ನಿವೇದಿತಾ ಮೈಕ್ರೊವೇವಿನ ಗಡಿಯಾರ ಮಿನುಗುತ್ತಿದ್ದುದನ್ನು ಕಂಡಳು. “ಕರೆಂಟ್ ಹೋಗಿತ್ತಾ?”

“ಮಿಕ್ಸಿ ಹಾಕ್ದೆ, ಟ್ರಿಪ್ ಆಯ್ತು,” ಎಂದ ಯೋಗೀಶ.

“ಅಯ್ಯೋ, ಹಾಗಾದ್ರೆ ಅದನ್ನ ಮುಟ್ಬೇಡಿ. ಇಳಾ ಬೇರೆ ಬರಿಗಾಲಲ್ಲಿ ಓಡಾಡ್ತಿರ್ತಾಳೆ.” ಅವಳು ಮಿಕ್ಸಿಯ ವೈರು ಸುತ್ತಿ, ಚೀಲಕ್ಕೆ ತುಂಬಿ, ಮೇಲಿನ ಕಪಾಟಿಗೆ ಸೇರಿಸಿಬಿಟ್ಟಳು. ಒಂದು ಪಾಪವೂ ಅರಿಯದ ಮಿಕ್ಸಿಗೆ ಶಿಕ್ಷೆಯಾಯಿತು. ಯೋಗೀಶ ನೋಡುತ್ತ ನಿಂತಿದ್ದ.

ಆ ಭಾನುವಾರ ಅವನೇ ಆಂಪ್ಲಿಫೈಯರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹುಡುಗಿಯರ ತಾಲೀಮಿನ ಕೋಣೆಗೆ ತಲುಪಿಸಿದ. ಹಳೆಯ ಕಾರ್ಖಾನೆಯೊಂದರ ನೆಲಮಾಳಿಗೆ. ಸಿಮೆಂಟಿನ ನೆಲ ತಣ್ಣಗೆ ಬೆವೆತಿತ್ತು. ಗೋಡೆಯ ಮೇಲ್ತುದಿಯಲ್ಲಿ ರಸ್ತೆಯ ಮಟ್ಟಕ್ಕೆ ಒಂದು ಅಡ್ಡ ಕಿಟಕಿ. ಡ್ರಮ್ಸ್ ಇತ್ತು, ಮೈಕು ಇತ್ತು, ದೊಡ್ಡ ಸ್ಪೀಕರುಗಳಿದ್ದವು. ಬೇಸಿನ ಆಂಪ್ಲಿಫೈಯರ್ ಮಾತ್ರ ರಿಪೇರಿಗೆ ಹೋಗಿತ್ತಂತೆ. ನಮ್ಮದೇ ತಂದುಕೊಡುತ್ತೇನೆ ಎಂದು ಯೋಗೀಶ ತಾನಾಗಿ ಒಪ್ಪಿಕೊಂಡಿದ್ದ. ಮಕ್ಕಳು ಎಲ್ಲಿ ಪ್ಲಗ್ಗು ಬದಲಾಯಿಸಿ ಟ್ರಿಪ್ ಮಾಡಿಕೊಳ್ಳುತ್ತಾರೋ ಎಂದು, ಪ್ಲಗ್ಗನ್ನೂ ಬಿಳಿಯ ಅಡಾಪ್ಟರನ್ನೂ ಸೇರಿಸಿ ಕಪ್ಪು ಟೇಪಿನಿಂದ ಬಿಗಿಯಾಗಿ ಸುತ್ತಿ ತಂದಿದ್ದ. ಯಾರೂ ಬಿಡಿಸಲಾಗದ ಹಾಗೆ.

ಕೆಂಪು ಬೇಸನ್ನು ನೋಡಿ ಎಲ್ಸಾ ಕಣ್ಣರಳಿಸಿದಳು. “ಲೊಪ್ಪಿಸ್?” ಎಂದು ಕೇಳಿದಳು. ಹಳೆಯ ಸಾಮಾನಿನ ಸಂತೆಯಲ್ಲಿ ಸಿಕ್ಕಿತೇ ಎಂದು.

“ಅಲ್ಲ,” ಎಂದಳು ಇಳಾ ಸ್ವೀಡಿಷಿನಲ್ಲಿ, ಕೊರಳು ಎತ್ತಿ. “ನಮ್ಮಪ್ಪ ಮಾಡಿದ್ದು.”

ಯೋಗೀಶ ಮನೆಯ ತನಕ ನಡೆದೇ ಹೋದ. ಬಸ್ಸು ಬಂದದ್ದೂ ಕಾಣಲಿಲ್ಲ ಅವನಿಗೆ.

ಮುಂದಿನ ಗುರುವಾರ ತಿಂಡಿಯ ಹೊತ್ತಿಗೆ ಇಳಾ ಹೇಳಿದಳು, “ಅಪ್ಪಾ, ಇವತ್ತಿಂದ ನಾನೇ ಹಾಡ್ತೀನಿ. ಎಲ್ಸಾಗೆ ಡ್ರಮ್ಸ್ ಜತೆ ಹಾಡಕ್ಕೆ ಆಗಲ್ಲ.”

“ಭೇಷ್! ಚಪ್ಪಲಿ ಮರೀಬೇಡ.”

“ಎಲ್ಲಾ ನಗ್ತಾರೆ ಅಪ್ಪಾ.”

“ನಗ್ಲಿ. ಹಾಕ್ಕೋಬೇಕು ಅಂದ್ರೆ ಹಾಕ್ಕೋಬೇಕು.”

ಅವಳು ನೀಲಿ ಚಪ್ಪಲಿಗಳನ್ನು ಬ್ಯಾಗಿಗೆ ತುರುಕಿಕೊಂಡು ಹೋದಳು.

ಮಧ್ಯಾಹ್ನ ಆಫೀಸಿನಲ್ಲಿ ‘ಫೀಕಾ’ ಎಂಬ ಕಾಫಿ ವಿರಾಮದ ಹೊತ್ತು. ಎಲ್ಲರೂ ಕಾಫಿ ಹಿಡಿದು ದಾಲ್ಚಿನ್ನಿ ಬನ್ನು ಮುರಿಯುತ್ತಿದ್ದರು. ಯೋಗೀಶ ಹಿಂದಿನ ದಿನ ಬೇಸಿನ ಫೋಟೋವನ್ನು ರಾಘವನಿಗೆ ಕಳಿಸಿದ್ದ. ಈಗ ರಾಘವನ ಫೋನು ಬಂತು. ಅವನು ಈಗ ಹಾಸನದಲ್ಲಿ ಮೇಷ್ಟ್ರು, ತಲೆ ಬೋಳಾಗಿದೆ, ಹಾಡುವುದು ಬಿಟ್ಟು ಯಾವುದೋ ಕಾಲವಾಯಿತು.

“ಲೋ ಯೋಗಿ, ನಮ್ ಕೆಂಪಿನ ಏನೋ ಮಾಡ್ಬಿಟ್ಟಿದೀಯ! ಬೇಸ್ ಆಗ್ಬಿಟ್ಲಲ್ಲೋ!”

“ಹೆಂಗಿದೆ? ಒಳಗೆಲ್ಲ ನೀಟಾಗಿ ವೈರಿಂಗ್ ಮಾಡ್ದೆ. ಯಾವನೋ ಅರ್ಥಿಂಗ್ ವೈರೇ ಕಟ್ ಮಾಡಿ ಇಟ್ಟಿದ್ದ ಕಣೋ.”

ಆ ಕಡೆ ನಗು ನಿಂತಿತು.

“ಯಾವನೋ ಅಲ್ಲ, ನಾನು. ಆ ತಗಡು ಆಂಪ್ ಜತೆ ಅದು ಹೊಡೀತಿತ್ತಲ್ಲೋ. ಕಾಲೇಜ್ ಡೇಲಿ ನಂಗೆ ತುಟಿ ಸುಟ್ಟಿದ್ದು ಮರ್ತೆಯಾ? ನೀನು ಊರಿಗೆ ಹೋಗಿದ್ಯೇನೋ ಆಗ. ಗಿಟಾರ್ ಹಿಡ್ಕೊಂಡು ಮೈಕ್‌ಗೆ ಬಾಯಿಟ್ಟೆ ನೋಡು, ಸ್ಟೇಜಿಂದ ಕೆಳಗಿದ್ದೆ. ಅದಕ್ಕೇ ಕಟ್ ಮಾಡಿ ಟೇಪ್ ಸುತ್ತಿಟ್ಟೆ. ನೀನು ಜಾಯಿಂಟ್ ಮಾಡಿಲ್ಲ ತಾನೆ?”

ಯೋಗೀಶ ಕಾಫಿ ಲೋಟ ಕೆಳಗಿಟ್ಟ.

“ಮಾಡ್ದೆ. ಆದ್ರೆ ಅವಳು ಚಪ್ಪಲಿ ಹಾಕ್ಕೊಂಡೇ ನುಡಿಸೋದು.”

“ಚಪ್ಪಲಿ ಏನ್ ಮಾಡತ್ತೋ? ನೆಲಕ್ಕೆ ಹೋಗೋದನ್ನ ತಡೀಬಹುದು. ಮೈಕ್‌ನಲ್ಲೇ ಅರ್ಥ್ ಇರತ್ತಲ್ಲ, ಕೈಯಿಂದ ಬಂದಿದ್ದು ತುಟಿಯಿಂದ ಹೋಗತ್ತೆ. ಯೋಗಿ, ಹಾಡೋರು ಯಾರು?”

ರಾಘವ ಇನ್ನೊಮ್ಮೆ ಕೇಳಿದ. ಹಾಡೋರು ಯಾರೋ?

ಇಳಾಳಿಗೆ ಫೋನು ಮಾಡಿದ. ನೆಲಮಾಳಿಗೆಯಲ್ಲಿ ಸಿಗ್ನಲ್ ಇರುವುದಿಲ್ಲ ಎಂದು ಅವಳೇ ಹೇಳಿದ್ದಳು. ಎಲ್ಸಾಳ ನಂಬರು ಅವನಲ್ಲಿರಲಿಲ್ಲ, ಅವಳ ಮನೆಹೆಸರೂ ಗೊತ್ತಿರಲಿಲ್ಲ. ಮಗಳ ಜೊತೆಗಾರರಲ್ಲಿ ಒಬ್ಬರ ನಂಬರೂ ಇಲ್ಲದ ಅಪ್ಪ. ಆ ಕಟ್ಟಡದ ಆಫೀಸಿಗೆ ಮಾಡಿದರೆ ಯಂತ್ರವೊಂದು ತೆರೆಯುವ ಮುಚ್ಚುವ ವೇಳೆಗಳನ್ನು ಹೇಳಿ ಮುಗಿಸಿತು. ನಿವೇದಿತಾ ಸೇತುವೆಯ ಆಚೆ. ಅವಳಿಗೆ ಮಾಡಲು ಬೆರಳು ಹೋಯಿತು, ಹಾಗೇ ನಿಂತಿತು. ಏನೆಂದು ಹೇಳುವುದು? ಮಿಕ್ಸಿಯದಲ್ಲ ತಪ್ಪು ಎಂದೇ?

ಕೋಟನ್ನು ಕುರ್ಚಿಯ ಮೇಲೆ ಬಿಟ್ಟು ಸ್ಟೇಷನ್ನಿಗೆ ಓಡಿದ. ರೈಲಿನಲ್ಲಿ ಎಲ್ಲರೂ ಮೌನವಾಗಿ ಕೂತಿದ್ದರು. ಅವನೊಬ್ಬ ಬಾಗಿಲಿಗೆ ಹಣೆ ಒತ್ತಿ ನಿಂತು, ಎಂದೂ ಕೈಮುಗಿಯದ ದೇವರುಗಳನ್ನೆಲ್ಲ ಕರೆದ. ಹಾಡಿನ ಮೊದಲು ತಂತಿ ಶ್ರುತಿ ಮಾಡುತ್ತಾರೆ, ಹರಟೆ ಹೊಡೆಯುತ್ತಾರೆ, ಹೊತ್ತಾಗುತ್ತದೆ. ಮೈಕು ತುಟಿಗೆ ತಾಗಲೇಬೇಕೆಂದೇನೂ ಇಲ್ಲ, ದೂರ ನಿಂತೂ ಹಾಡಬಹುದು. ಹೀಗೆ ಒಂದೊಂದೇ ಸಮಾಧಾನವನ್ನು ಹುಡುಕಿ ತೆಗೆಯುತ್ತಿದ್ದ. ಹೊರಗೆ ನವೆಂಬರಿನ ಬಯಲು ಸಂಜೆಗೆ ಮುಂಚೆಯೇ ಕಪ್ಪಾಗುತ್ತಿತ್ತು.

ಮಾಲ್ಮೋದಲ್ಲಿಳಿದು ಓಡಿದ. ಗಾಳಿ ಎದುರಿನಿಂದ ತಳ್ಳುತ್ತಿತ್ತು. ಕಾರ್ಖಾನೆಯ ಬೀದಿ ತಿರುಗಿದಾಗಲೇ ಕಾಲಡಿಯಲ್ಲಿ ಆ ದನಿ ಸಿಕ್ಕಿತು. ತಗ್ಗಿನ, ಗುಡುಗುವ ದನಿ. ಅವನೇ ಮಾಡಿದ್ದು. ಎಷ್ಟು ಚೆನ್ನಾಗಿ ಕೇಳುತ್ತಿದೆ ಎಂದು ಒಂದು ಗಳಿಗೆ ಅನ್ನಿಸಿಯೂಬಿಟ್ಟಿತು, ಅದಕ್ಕಾಗಿ ಅವನು ತನ್ನನ್ನು ಎಂದೂ ಕ್ಷಮಿಸಿಕೊಳ್ಳಲಿಲ್ಲ. ದನಿ ಕೇಳುತ್ತಿದೆಯೆಂದರೆ ಅವಳ ಕೈ ತಂತಿಗಳ ಮೇಲಿದೆ.

ಬಾಗಿಲಿಗೆ ಕೋಡ್ ಬೇಕು. ಅವನಿಗೆ ಗೊತ್ತಿಲ್ಲ. ಗುದ್ದಿದ. ಒಳಗೆ ಡ್ರಮ್ಸ್. ರಸ್ತೆಯ ಮಟ್ಟದ ಆ ಅಡ್ಡ ಕಿಟಕಿಯ ಬಳಿ ಹೋಗಿ ಒದ್ದೆ ನೆಲದ ಮೇಲೆ ಕೆಡವಿದ ಮೂಟೆಯಂತೆ ಬೋರಲು ಬಿದ್ದು, ಗಾಜಿಗೆ ಮುಖವಿಟ್ಟ. ಧೂಳು ಕಟ್ಟಿದ ಗಾಜಿನಾಚೆ ಹಳದಿ ಬೆಳಕು, ಧೂಳಿಲ್ಲದ ಕೆಳಮೂಲೆಯಿಂದ ಒಳಗಿನ ನೆಲವಷ್ಟೇ ಕಾಣುತ್ತಿತ್ತು. ಡ್ರಮ್ಮಿನ ಪೆಡಲಿನ ಮೇಲೆ ಎಲ್ಸಾಳ ಕಾಲು ಕುಣಿಯುತ್ತಿತ್ತು. ಅದರ ಮುಂದೆ ಇನ್ನೆರಡು ಕಾಲುಗಳು, ದಪ್ಪ ಉಣ್ಣೆಯ ಕಾಲುಚೀಲದ ಮೇಲೆ ಹೇಗೋ ತುರುಕಿಕೊಂಡ ನೀಲಿ ಪಟ್ಟಿಯ ಹವಾಯಿ ಚಪ್ಪಲಿ.

“ಇಳಾ!” ಗಾಜಿಗೆ ಅಂಗೈಯಿಂದ ಬಡಿದ. “ಇಳಾ, ಬಿಡು ಅದನ್ನ! ಇಳಾ!”

ನೀಲಿ ಚಪ್ಪಲಿಗಳು ತಾಳಕ್ಕೆ ತಕ್ಕಂತೆ ಒಂದು ಹೆಜ್ಜೆ ಮುಂದೆ ಬಂದವು. ಮೈಕಿನ ಕಂಬದ ಬುಡಕ್ಕೆ.

ಕಿಟಕಿ ಕಪ್ಪಾಯಿತು. ಬೇಸ್ ನಿಂತಿತು. ಡ್ರಮ್ಸ್ ಎರಡೇಟು ಹೊಡೆದು ಅದೂ ನಿಂತಿತು. ಆಮೇಲೆ ಏನೋ ದೊಡ್ಡದು ಉರುಳಿದ ಸದ್ದು, ತಾಳದ ತಟ್ಟೆಗಳು ಸಿಮೆಂಟಿನ ಮೇಲೆ ಬಿದ್ದು ಗಿರಗಿರನೆ ತಿರುಗುವ ಸದ್ದು. ಅದೂ ನಿಂತ ಮೇಲೆ ಹುಡುಗಿಯೊಬ್ಬಳ ಚೀರಾಟ. ಅದು ಇಳಾಳ ದನಿಯಲ್ಲ.

ಯಾರೋ ಬಾಗಿಲು ತೆರೆದು ಹೊರಗೋಡಿ ಬಂದರು. ಅವರನ್ನು ತಳ್ಳಿಕೊಂಡು ಯೋಗೀಶ ಮೆಟ್ಟಿಲಿಳಿದ. ಫೋನಿನ ಬೆಳಕಿನಲ್ಲಿ ಇಳಾ ಡ್ರಮ್ಮುಗಳ ನಡುವೆ ಬಿದ್ದಿದ್ದಳು, ಬೇಸಿನ ಪಟ್ಟಿ ಇನ್ನೂ ಹೆಗಲ ಮೇಲಿತ್ತು. ಅವನು ಮೊದಲು ಗೋಡೆಯಿಂದ ಆ ಕಪ್ಪು ಟೇಪಿನ ಗಂಟನ್ನು ಕಿತ್ತೆಸೆದ. ಆಮೇಲೆ ಮಂಡಿಯೂರಿ ಅವಳ ಮೂಗಿನ ಬಳಿ ಕೈಯಿಟ್ಟ. ಬಿಸಿಯುಸಿರು ತಾಗಿತು. ಇಲ್ಲಿಯೂ ಆ ನಾಜೂಕಿನ ಸ್ವಿಚ್ಚೊಂದು ಇತ್ತು, ಬಿದ್ದಿತ್ತು, ಅವಳನ್ನು ಉಳಿಸಿತ್ತು.

ಇಳಾ ಕಣ್ಣು ಬಿಟ್ಟಳು. ಕೆಳದುಟಿ ಸೀಳಿ ಗದ್ದದವರೆಗೆ ರಕ್ತ. ಅವನನ್ನು ಕಂಡು, ಏನೋ ತಪ್ಪು ಮಾಡಿದ ಮಗುವಿನ ಹಾಗೆ, ಮೊದಲು ಅದನ್ನೇ ಹೇಳಿದಳು.

“ಅಪ್ಪಾ, ನಾನು ಚಪ್ಪಲಿ ಹಾಕ್ಕೊಂಡಿದ್ದೆ.”

ಒಂದೂ ಸ್ವೀಡಿಷ್ ಶಬ್ದವಿಲ್ಲದ, ಇಂಗ್ಲಿಷ್ ಶಬ್ದವಿಲ್ಲದ ವಾಕ್ಯ. ಇಷ್ಟು ವರ್ಷ ಅವನು ಕಾದದ್ದು ಇಂಥ ವಾಕ್ಯಕ್ಕೇ. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಯೋಗೀಶ ಅತ್ತ.

ಆಂಬುಲೆನ್ಸ್ ಬಂತು. ನರ್ಸು ಎದೆಗೆ ವೈರುಗಳನ್ನು ಅಂಟಿಸಿ, ಹೃದಯದ ಬಡಿತ ನೋಡಿ, ಒಂದು ರಾತ್ರಿ ಆಸ್ಪತ್ರೆಯಲ್ಲಿಟ್ಟು ನೋಡಬೇಕೆಂದಳು. ಅಷ್ಟರಲ್ಲಿ ಕಟ್ಟಡದ ಮೇಲ್ವಿಚಾರಕ ಟಾರ್ಚು ಹಿಡಿದು ಬಂದ. ಟೇಪಿನ ಗಂಟನ್ನು ಎತ್ತಿ, ಬೆಳಕಿಗೆ ಹಿಡಿದು, ಒಂದು ತುದಿ ಸುಲಿದು ನೋಡಿದ. ಅವನ ಮುಖ ಬಿಳುಚಿತು.

“ಇದ್ಯಾರು ಮಾಡಿದ್ದು?” ಎಂದು ಸ್ವೀಡಿಷಿನಲ್ಲಿ ಕೇಳಿದ.

ಎಲ್ಸಾ ಇಳಾಳನ್ನು ನೋಡಿದಳು. ಸ್ಟ್ರೆಚರಿನ ಮೇಲೆ ಮಲಗಿದ್ದ ಇಳಾ ಅಪ್ಪನ ಕಡೆ ನೋಡದೆ, ಊದಿದ ತುಟಿಯಿಂದ ಹೇಳಿದಳು, “ಲೊಪ್ಪಿಸ್. ಲೊಪ್ಪಿಸ್‌ನಲ್ಲಿ ಕೊಂಡಿದ್ದು.”

“ನಾನು ಮಾಡಿದ್ದು,” ಎಂದ ಯೋಗೀಶ. ಗಾಬರಿಯಲ್ಲಿ ಅದು ಕನ್ನಡದಲ್ಲೇ ಬಂತು. ಅಲ್ಲಿದ್ದವರಲ್ಲಿ ಅದು ಅರ್ಥವಾದದ್ದು ಇಳಾ ಒಬ್ಬಳಿಗೆ. ಬೇಡ ಎನ್ನುವಂತೆ ಅವಳು ಸಣ್ಣಗೆ ತಲೆಯಾಡಿಸಿದಳು. ಅವನು ಸ್ವೀಡಿಷಿನಲ್ಲಿ ಇನ್ನೊಮ್ಮೆ ಹೇಳಿದ.

ಮೇಲ್ವಿಚಾರಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನಿಮ್ಮ ಮನೆಯಲ್ಲಿ ಸ್ವಿಚ್ಚು ಬೀಳಲಿಲ್ಲವೇ?” ಎಂದಷ್ಟೇ ಕೇಳಿದ.

“ಬಿತ್ತು. ನನಗೂ ಹೊಡೆಯಿತು.”

ಇಳಾ ಕುತ್ತಿಗೆ ತಿರುಗಿಸಿ ಅಪ್ಪನನ್ನು ನೋಡಿದಳು. ಆಮೇಲೆ ಸ್ವೀಡಿಷಿನಲ್ಲಿ ಕೇಳಿದಳು, “ವಿಸ್ತೆ ದು?”

ನಿನಗೆ ಗೊತ್ತಿತ್ತಾ ಎಂದು.

ಅವನು ಹೌದೆಂದ. ಆ ದೇಶದವರ ಹಾಗೆ, ಒಂದು ಸಣ್ಣ ಉಸಿರನ್ನು ಒಳಕ್ಕೆಳೆದುಕೊಂಡ, ಅಷ್ಟೇ.

ಇಳಾ ಮುಖ ಆಚೆ ತಿರುಗಿಸಿದಳು. ನರ್ಸು ಕೇಳಿದ್ದಕ್ಕೆ ಮಾತ್ರ ಒಂದೊಂದು ಶಬ್ದದಲ್ಲಿ ಉತ್ತರ ಕೊಡುತ್ತ ಹೋದಳು. ಯಾ. ನೈ. ಸ್ಟ್ರೆಚರನ್ನು ಮೇಲೇರಿಸುವ ಮೊದಲು ನರ್ಸು ಅವಳ ಕಾಲಿನಿಂದ ನೀಲಿ ಚಪ್ಪಲಿಗಳನ್ನು ಬಿಡಿಸಿ, ಎಲ್ಲಿಡುವುದೆಂದು ತಿಳಿಯದೆ, ಪಕ್ಕದಲ್ಲಿದ್ದ ಯೋಗೀಶನ ಕೈಗೆ ಕೊಟ್ಟಳು. ಅವನು ಅವನ್ನು ಎದೆಗೊತ್ತಿಕೊಂಡು ಆಂಬುಲೆನ್ಸಿನ ಹಿಂದಿನ ಸೀಟಿನಲ್ಲಿ ಕೂತ.